ಅತ್ತೆಯ ಕಾರ್ಡಿನಲ್ಲಿದ್ದ ಬೆರಳು

ನನ್ನ ಸೋದರತ್ತೆ ಇಪ್ಪತ್ತಾರು ವರ್ಷದಿಂದ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ ಮಾಡುತ್ತಿದ್ದಾರೆ. ರಕ್ತದ ಕಲೆಯಿರುವ ಬಟ್ಟೆಯನ್ನು ಮೊದಲು ತಣ್ಣೀರಿಗೇ ಹಾಕಬೇಕು, ಬಿಸಿನೀರು ತಾಗಿದರೆ ಕಲೆ ಕೂತುಬಿಡುತ್ತದೆ ಎಂದು ಹೊಸಬರಿಗೆಲ್ಲ ಹೇಳಿಕೊಡುವವರು ಅವರೇ. ಬಟ್ಟೆ ಒಗೆಯುವ ಸೋಡಾದ ನೀರಿನಲ್ಲಿ ಕೈ ಅದ್ದಿ ಅದ್ದಿ ಅವರ ಬೆರಳ ತುದಿಗಳು ಗಾಜಿನಂತೆ ನುಣ್ಣಗಾಗಿವೆ.

ಸರ್ಕಾರದ ಹೊಸ ಗುರುತಿನ ಕಾರ್ಡು ಬಂದ ಮೇಲೆ, ಗೇಟಿನ ಯಂತ್ರದಲ್ಲಿ ಕಾರ್ಡಿಟ್ಟು ಬೆರಳು ಒತ್ತಿದವರಿಗೆ ಮಾತ್ರ ಪ್ರವೇಶ ಎಂದಾಯಿತು. ಮೊದಲ ದಿನವೇ ಅತ್ತೆಗೆ ಕೆಂಪು ದೀಪ. ಎರಡನೇ ದಿನವೂ ಅದೇ. ಮೂರನೇ ದಿನ ಮೇಲ್ವಿಚಾರಕರು, "ಶನಿವಾರದೊಳಗೆ ಸರಿಮಾಡಿಸ್ಕೊಂಡು ಬನ್ನಿ ಅಕ್ಕಾ. ಇಲ್ಲಾಂದ್ರೆ ನಿಮ್ಮ ಜಾಗಕ್ಕೆ ಬೇರೆಯವರನ್ನ ತಗೋಬೇಕಾಗುತ್ತೆ. ನನ್ನ ಕೈಲೇನಿಲ್ಲ" ಅಂದರು.

ನಾವಿಬ್ಬರೂ ಕಾರ್ಡಿನ ಕಚೇರಿಗೆ ಹೋದೆವು. ನಾಲ್ಕು ತಿಂಗಳ ಹಿಂದೆ ಅತ್ತೆಯ ವಿವರ ಬರೆದುಕೊಂಡಿದ್ದ ಹುಡುಗಿ ಅದೇ ಮೇಜಿನಲ್ಲಿದ್ದಳು. ನಮ್ಮನ್ನು ಕಂಡದ್ದೇ ಅವಳ ಮುಖ ಬಿಳಿಚಿಕೊಂಡಿತು.

ಅಲ್ಲಿನ ಅಧಿಕಾರಿ ಕಂಪ್ಯೂಟರ್ ನೋಡಿ, ಅತ್ತೆಯ ಗೆರೆಯಿಲ್ಲದ ಬೆರಳುಗಳನ್ನೂ ನೋಡಿ, "ಹತ್ತು ಬೆರಳೂ ಚೆನ್ನಾಗಿ ಬಂದಿವೆ. ಆದ್ರೆ ಇವು ನಿಮ್ಮವಲ್ಲ" ಅಂದರು.

"ನನ್ನವಲ್ದೆ ಇನ್ಯಾರವು? ಬೆರಳೇನು ಚಪ್ಪಲಿನಾ ಸ್ವಾಮಿ, ಅದಲುಬದಲಾಗೋಕೆ?"

ಆ ಹುಡುಗಿ ಎದ್ದು ಬಂದು ಯಂತ್ರದಲ್ಲಿ ಅತ್ತೆಯ ಕಾರ್ಡಿಟ್ಟು ತನ್ನ ಬೆರಳು ಒತ್ತಿದಳು. ಹಸಿರು ದೀಪ ಹತ್ತಿತು. ಪರದೆಯ ಮೇಲೆ ಅತ್ತೆಯ ಮುಖ, ಅತ್ತೆಯ ಹೆಸರು, ಅತ್ತೆ ಹುಟ್ಟಿದ ದಿನ! ಅಧಿಕಾರಿ ಅವಳ ಕಡೆ ತಿರುಗಿದರು.

"ಇವರ ಬೆರಳು ಎಷ್ಟೊತ್ತಿದ್ರೂ ತಗೊಳ್ಳಲಿಲ್ಲ ಸಾರ್. ವಾಪಸ್ ಕಳಿಸಿದ್ರೆ ಇನ್ನೊಂದಿನ ರಜಾ ಹಾಕ್ಬೇಕಲ್ಲಾಂತ... ಪಾಪ ಅನ್ನಿಸ್ತು. ನಾನೇ ಒತ್ತಿಬಿಟ್ಟೆ."

"ಅಯ್ಯೋ, ಹೇಗೆ ಒತ್ತೋದೂಂತ ತೋರಿಸ್ತಿದೀಯ ಅಂದ್ಕೊಂಡಿದ್ನಲ್ಲೇ!" ಅತ್ತೆ ಕುರ್ಚಿಯ ತೋಳು ಹಿಡಿದುಕೊಂಡರು.

"ಇವರೊಬ್ಬರಿಗೇನಾ?" ಅಧಿಕಾರಿ ಕೇಳಿದರು.

ಅವಳು ನೆಲ ನೋಡಿದಳು. "ಬೆರಳು ಬರದೇ ಇರೋರಿಗೆಲ್ಲ ಸಾರ್. ಎಷ್ಟು ಜನಾಂತ ಗೊತ್ತಿಲ್ಲ."

ತಪ್ಪು ದಾಖಲೆ ತೆಗೆದುಹಾಕಲು ಅದರಲ್ಲಿರುವ ಬೆರಳೇ ಬೇಕಂತೆ. ಅವಳು ಮತ್ತೊಮ್ಮೆ ಒತ್ತಿದಳು. ಅತ್ತೆಯ ಮುಖ ಪರದೆಯಿಂದ ಮಾಯವಾಯಿತು. 'ಇಂಥ ವ್ಯಕ್ತಿ ಇಲ್ಲ' ಎಂಬ ಸಾಲು ಬಂತು. ಅದನ್ನು ನಾನು ಮೂರು ಸಲ ಓದಿದೆ.

ಈ ಸಲ ಅಧಿಕಾರಿಯೇ ಬೆರಳಿನ ಬದಲು ಅತ್ತೆಯ ಕಣ್ಣಿನ ಗುರುತು ತೆಗೆಯಲು ಕೂತರು; ಬೆರಳು ಸವೆದವರಿಗೆ ಅದೂ ನಡೆಯುತ್ತದಂತೆ. ಕಣ್ಣಲ್ಲಿ ನೀರು ತುಂಬಿದ್ದರಿಂದ ಎರಡು ಸಲ ಯಂತ್ರ ಒಪ್ಪಲಿಲ್ಲ. ಸೆರಗಿನಿಂದ ಒರೆಸಿಕೊಂಡ ಮೇಲೆ ಒಪ್ಪಿತು. ಹೊಸ ಕಾರ್ಡು ಬರುವವರೆಗೆ ಗೇಟಿನಲ್ಲಿ ತೋರಿಸಲು ಮೊಹರು ಹಾಕಿದ ಚೀಟಿ ಕೊಟ್ಟರು. ನಾವು ಹೊರಡುವಾಗ ಅವರು ಆ ಹುಡುಗಿಗೆ, "ಕೂತ್ಕೊ. ಮೊದಲನೇ ದಿನದಿಂದ ಹೇಳು" ಎನ್ನುತ್ತಿದ್ದರು.

ಶನಿವಾರ ಅತ್ತೆ ಚೀಟಿ ತೋರಿಸಿ ಒಳಗೆ ಹೋದರು. ನೆಲ ಒರೆಸುವವರಿಗೂ ಅಂದಿನಿಂದ ಯಂತ್ರ ಶುರುವಾಗಿತ್ತು. ಅವರಲ್ಲಿ ಐದು ಜನ ಕೆಂಪು ದೀಪದ ಮುಂದೆ ತಮ್ಮ ಬೆರಳನ್ನೇ ನೋಡಿಕೊಳ್ಳುತ್ತ ನಿಂತಿದ್ದರು.