ಗಿರಿಜಕ್ಕನ ಎಲೆಯಡಿಕೆ ನಿಂತ ಜಾಗ

ಸ್ನೇಹಿತರೇ, ವೇಣೂರಿನ ನಮ್ಮ ಶಾಲೆಯಲ್ಲಿ ಇವತ್ತು ಮಕ್ಕಳ ನಾಟಕದ ಕ್ಲೈಮ್ಯಾಕ್ಸ್ ಎಲ್ಲಿ ಎಂದು ಜಗಳ. ಅಣ್ಣತಮ್ಮಂದಿರು ಬಾವಿಗಾಗಿ ಕಾದಾಡುವ ಕಥೆ; ಬರೆದವನು ನಾನೇ.

"ಹೊಡೆದಾಟಕ್ಕೇ ಚೆಂಡೆ ಬಾರಿಸುವ," ಎಂದೆ.

"ಇಲ್ಲ ಮಾರಾಯ್ರೇ, ಕೊನೆಗೆ ರಾಜಿ ಆಗ್ತಾರಲ್ಲ, ಅಲ್ಲಿ ಉಂಟು ಕ್ಲೈಮ್ಯಾಕ್ಸ್," ಎಂದರು ಡ್ರಾಯಿಂಗ್ ಮಾಷ್ಟ್ರು.

ಬಿಸಿಯೂಟದ ಗಿರಿಜಕ್ಕ ಬಾಗಿಲಲ್ಲಿ ನಿಂತು ಎಲೆಯಡಿಕೆ ಜಗಿಯುತ್ತಾ ರಿಹರ್ಸಲ್ ನೋಡುತ್ತಿದ್ದರು. ಹೊಡೆದಾಟ ಮುಗಿದರೂ ಜಗಿಯುತ್ತಲೇ ಇದ್ದರು. ಆಮೇಲೆ ನಾಟಕದ ಅಣ್ಣತಮ್ಮಂದಿರ ತಾಯಿ ಖಾಲಿ ಕೊಡ ಹಿಡಿದು, ಮಾತಿಲ್ಲದೆ ಪಕ್ಕದ ಮನೆಗೆ ನೀರಿಗೆ ಹೊರಟಳು. ಜಗಿಯುತ್ತಿದ್ದ ಗಿರಿಜಕ್ಕನ ಬಾಯಿ ನಿಂತಿತು.

"ಇಲ್ಲೇ ಕ್ಲೈಮ್ಯಾಕ್ಸ್! ಬಾರಿಸಿ ಚೆಂಡೆ!" ಅದನ್ನು ಕಂಡು ಮಾಷ್ಟ್ರು ಕುಣಿದರು.

"ಸುಮ್ಮನಿರಿ ಮಾಷ್ಟ್ರೇ," ಗಿರಿಜಕ್ಕ ಗದರಿದರು. "ಪಾಪ, ಅವಳು ನೀರು ತರ್ಲಿ."

ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ಇಡೀ ನಾಟಕದಲ್ಲಿ ನಾನು ಒಂದೂ ಡೈಲಾಗ್ ಬರೆಯದ ಜಾಗ ಅದೊಂದೇ.