ನಲವತ್ತೊಂದನೆಯವರ ಒಡೆಯ

ಭಾನುವಾರ ಸಂಜೆ ಐದಕ್ಕೆ ಇಡೀ ಇಂಗ್ಲೆಂಡು ರೇಡಿಯೋ ಹಾಕುವ ಹೊತ್ತಿಗೆ ನಮ್ಮ ಬೇಕಪ್ ಊರಿನ ಒಂದು ಮನೆಯಲ್ಲಿ ಮಾತ್ರ ಅದು ಆರುತ್ತಿತ್ತು. ಆ ವಾರ ಹೆಚ್ಚು ಮಾರಾಟವಾದ ನಲವತ್ತು ಹಾಡುಗಳನ್ನು ಕೆಳಗಿನಿಂದ ಮೇಲಕ್ಕೆ ಹೆಸರು ಕೂಗಿ ಹಾಕುವ ಕಾರ್ಯಕ್ರಮ ಅದು. ರಾಜರು ಕಿರೀಟ ತೊರೆದದ್ದುಂಟು, ಸಂತರು ಅನ್ನ ತೊರೆದದ್ದುಂಟು. ಆದರೆ ನಲವತ್ತನೆಯ ಹಾಡಿನ ಮೊದಲ ಸ್ವರ ಹೊರಡುವ ಮುನ್ನವೇ ಎದ್ದು, ಯುದ್ಧಕ್ಕೆ ಹೊರಟವನಂತೆ ತೋಳೇರಿಸಿ, ರೇಡಿಯೋದ ಪ್ಲಗ್ಗನ್ನು ಗೋಡೆಯಿಂದ ಕಿತ್ತ ವೀರ ಭೂಮಂಡಲದಲ್ಲಿ ಒಬ್ಬನೇ, ಬಸ್ ಡ್ರೈವರ್ ಎಲ್ಲಿಸ್ ಆರ್ಮರಾಡ್. ಅವನ ಪಕ್ಕದ ಮನೆ ನನ್ನದು. ಕಿಟಕಿಯಿಂದ ಹದಿನೈದು ವರ್ಷ ನೋಡಿದ್ದೇನೆ, ಒಂದು ವಾರವೂ ತಪ್ಪಲಿಲ್ಲ.

ಹೆಸರು ಕೂಗಿಸಿಕೊಳ್ಳದ ಹಾಡುಗಳಿಗಾಗಿ ಅವನು ಹಿಡಿದ ಮೌನವ್ರತ ಇದು ಎಂದು ನಾನು ಊರೆಲ್ಲ ಹೇಳಿಕೊಂಡು ಬಂದಿದ್ದೆ. ಹೇಳಲು ಆಧಾರವೂ ಇತ್ತು. ಎಲ್ಲಿಸನ ಮುಂದಿನ ಕೋಣೆಯ ಬೀರುವಿನಲ್ಲಿ ಇನ್ನೂರ ಹನ್ನೆರಡು ರೆಕಾರ್ಡುಗಳಿದ್ದವು. ಎಲ್ಲವೂ ಎಂಬತ್ತರ ದಶಕದ ಮೊದಲ ವರ್ಷಗಳವು, ಎಲ್ಲವೂ ಪಟ್ಟಿಯಲ್ಲಿ ನಲವತ್ತೊಂದರವರೆಗೆ ಏರಿ ಅಲ್ಲೇ ಉಸಿರು ಬಿಟ್ಟವು. ಒಂದೇ ಒಂದು ಮೆಟ್ಟಿಲು ಹತ್ತಿದ್ದರೆ ದೇಶವೆಲ್ಲ ಕೇಳುತ್ತಿತ್ತು.

ನಾನು ಮೊದಲು ನಗಲೆಂದೇ ಹೋದವನು. ಬಿಸ್ಕತ್ತಿನ ಡಬ್ಬಿಯ ಮೇಲೆ ತಾಳ ಹಾಕಿದ್ದ ಒಂದು ಹಾಡು ಕೇಳಿ ಹೊರಬಂದಾಗ ಟೋಪಿಯನ್ನು ಅಲ್ಲೇ ಮರೆತಿದ್ದೆ. ದೀಪಸ್ತಂಭ ಕಾಯುವವನು ತನ್ನ ದೀಪಕ್ಕೇ ಜೋಗುಳ ಹಾಡುವ ಇನ್ನೊಂದು ಹಾಡು ಕೇಳಿದ ಮೇಲೆ ಎರಡು ದಿನ ಯಾರೊಂದಿಗೂ ಜಗಳವಾಡಲಿಲ್ಲ, ನನ್ನ ಹೆಂಡತಿ ಡಾಕ್ಟರಿಗೆ ಹೇಳಿಕಳಿಸಿದಳು. ಇಂಥವು ನಮ್ಮ ನಡುವೆಯೇ ಹಾದುಹೋಗಿದ್ದವು, ನಾವು ಬೇರೆ ಕಡೆ ತಿರುಗಿ ಕೂತಿದ್ದೆವು.

ಆ ಬೀರುವಿನಲ್ಲಿ ಎಲ್ಲಿಸ್ ಎಂದೂ ಹಾಕದ ರೆಕಾರ್ಡು ಒಂದಿತ್ತು. ‘ಅರ್ಧ ದಿನದ ಬುಧವಾರ’, ೧೯೮೧. ಹಾಡಿದವಳು ನಮ್ಮೂರ ಚಪ್ಪಲಿ ಕಾರ್ಖಾನೆಯಲ್ಲಿ ಅಡಿಭಾಗ ಅಂಟಿಸುತ್ತಿದ್ದ ಗ್ಲೆನಿಸ್ ಹಾವರ್ತ್. ಕೇಳಿದರೆ ಅವನು ಮಾತು ತಿರುಗಿಸುತ್ತಿದ್ದ.

ತೊಂಬತ್ತಾರರ ಒಂದು ಭಾನುವಾರ ಸಂಜೆ ನಾಲ್ಕೂವರೆಗೆ, ನಾನು ಎಲ್ಲಿಸನ ಮನೆಯಲ್ಲಿ ಕೂತಿದ್ದಾಗ, ಗ್ಲೆನಿಸಳೇ ಬಾಗಿಲು ತಟ್ಟಿದಳು. ಈಗ ಶಾಲೆಯ ಅಡುಗೆಮನೆಯಲ್ಲಿ ಕೆಲಸ.

“ಮಾಮ, ನನ್ನ ಹಾಡು ನಿಮ್ಮತ್ರ ಇದೆಯಂತೆ. ನನ್ನದು ಮನೆ ಬದಲಾಯಿಸುವಾಗ ಹೋಯ್ತು. ಶನಿವಾರ ಮಗಳ ಮದುವೆ. ಅಮ್ಮ ಹಾಡಿದ್ದಳು ಅಂದ್ರೆ ಬೀಗರ ಕಡೆಯವರು ನಂಬದೆ ನಗ್ತಾರೆ.”

ಎಲ್ಲಿಸ್ ಬೀರುವಿನ ಬಳಿ ಹೋದ. ರೆಕಾರ್ಡನ್ನು ತೆಗೆದ, ಕೊಡಲಿಲ್ಲ, ಎದೆಗೆ ಹಿಡಿದುಕೊಂಡೇ ನಿಂತ.

“ಕೊಡ್ತೀನಿ. ಆದ್ರೆ ಮೊದಲು ಒಂದು ಹೇಳ್ಬೇಕು. ಕೇಳಿದ ಮೇಲೆ ನನ್ನ ಕೈಯಿಂದ ತಗೋತೀಯೋ ಇಲ್ಲವೋ ನಿನಗೆ ಬಿಟ್ಟಿದ್ದು. ನಿನ್ನ ಹಾಡನ್ನ ಕೊಂದದ್ದು ನಾನೇ ಕಣಮ್ಮ.”

ಅವನು ಹೇಳಿದ್ದು ಇಷ್ಟು. ಆಗೆಲ್ಲ ಪಟ್ಟಿ ತಯಾರಾಗುತ್ತಿದ್ದುದು ಆಯ್ದ ಕೆಲವೇ ಅಂಗಡಿಗಳ ಲೆಕ್ಕದಿಂದ. ಮಾರಿದ ಒಂದೊಂದು ರೆಕಾರ್ಡಿನ ನಂಬರನ್ನೂ ಅಂಗಡಿಯವರು ಒಂದು ಪುಸ್ತಕದಲ್ಲಿ ಬರೆದು ಲಂಡನ್ನಿಗೆ ಕಳಿಸಬೇಕಿತ್ತು. ಪಕ್ಕದ ಬರ್ನ್ಲಿ ಊರಿನ ಒಂದು ಅಂಗಡಿಯಲ್ಲಿ ಆ ಪುಸ್ತಕ ಇದೆಯೆಂದು ಎಲ್ಲಿಸನಿಗೆ ಹೇಗೋ ಗೊತ್ತಾಯಿತು. ಅಕ್ಟೋಬರಿನಲ್ಲಿ ನಮ್ಮೂರ ಕ್ಲಬ್ಬಿನವರು ಬ್ಲ್ಯಾಕ್‌ಪೂಲಿನ ದೀಪಾಲಂಕಾರ ನೋಡಲು ಹೊರಟಾಗ ಬಸ್ಸು ಓಡಿಸಿದವನು ಅವನೇ. ದಾರಿಯಲ್ಲಿ ಬಸ್ಸನ್ನು ಆ ಅಂಗಡಿಯ ಮುಂದೆ ನಿಲ್ಲಿಸಿ, “ಊರಿನ ಹುಡುಗಿ, ಎಲ್ಲರೂ ಇಳೀರಿ” ಅಂದ. ಐವತ್ತಮೂರು ಜನ ಇಳಿದರು. ಆ ದಂಡಯಾತ್ರೆಯಲ್ಲಿ ನಾನೂ ಇದ್ದೆ, ಗ್ಲೆನಿಸಳಿಗೆ ಹೇಳುವುದಿಲ್ಲವೆಂದು ಎಲ್ಲರಂತೆ ಮಾತನ್ನೂ ಕೊಟ್ಟಿದ್ದೆ. ನನ್ನ ಹಾಗೇ ರೆಕಾರ್ಡು ಹಾಕುವ ಯಂತ್ರವೇ ಇಲ್ಲದ ಮುದುಕಿಯರು ಸಾಲು ನಿಂತರು. ಒಬ್ಬಾತ ಟೋಸ್ಟಿನ ಜೊತೆ ತಿನ್ನುವುದೋ ಎಂಬಂತೆ ಹಿಂದೆ ಮುಂದೆ ತಿರುಗಿಸಿ ನೋಡಿದ.

ಲಂಡನ್ನಿನವರು ಪುಸ್ತಕ ನೋಡಿದರು. ಒಂದೇ ಊರು, ಒಂದೇ ಗಂಟೆ, ಒಂದೇ ನಂಬರು ಐವತ್ತಕ್ಕೂ ಹೆಚ್ಚು ಸಲ. ಯಾರೋ ದುಡ್ಡು ಕೊಟ್ಟು ಕೊಳ್ಳಿಸಿದ್ದಾರೆಂದು ಅಷ್ಟನ್ನೂ ಹೊಡೆದುಹಾಕಿದರು. ಹಾಡು ನಲವತ್ತೊಂದಕ್ಕೆ ನಿಂತಿತು.

“ಅಂಗಡಿಯ ಹೆಂಗಸು ಆಮೇಲೆ ಬಸ್ಸಿನಲ್ಲಿ ಸಿಕ್ಕಾಗ ಹೇಳಿದಳು. ವಾರಕ್ಕೆ ಹತ್ತು ಹತ್ತು ಜನಾನ ಕಳಿಸಿದ್ರೆ ಸಾಕಿತ್ತಂತೆ,” ಎಂದ ಎಲ್ಲಿಸ್. “ಅವತ್ತಿಂದ ಹಂಗೇ ನಿಂತುಹೋದವನ್ನೆಲ್ಲ ಹುಡುಕ್ತಾ ಬಂದೆ. ಯಾರಾದ್ರೂ ಒಬ್ಬರು ಕೇಳ್ಬೇಕಲ್ಲ. ನಿನ್ನದು ಮಾತ್ರ ಹಾಕೋಕೆ ಧೈರ್ಯ ಬರಲಿಲ್ಲ.”

ಗ್ಲೆನಿಸ್ ಕುರ್ಚಿಯಲ್ಲಿ ಕೂತಳು.

“ಐವತ್ತಮೂರು ಜನಾನಾ?”

“ಐವತ್ತಮೂರು.”

“ಆ ಮಿಸೆಸ್ ಗ್ರಿಮ್‌ಷಾನೂ ಇಳಿದಳಾ? ನನ್ನ ಕಂಡ್ರೆ ಬೀದಿ ದಾಟ್ತಿದ್ದವಳು?”

“ಎರಡು ತಗೊಂಡಳು.”

“ನನ್ನ ಹಾಡು ಯಾರಿಗೂ ಬೇಡವಾಯ್ತು ಅಂದ್ಕೊಂಡಿದ್ದೆ ಮಾಮ, ಇಷ್ಟು ವರ್ಷ,” ಎಂದಳು. ಕಣ್ಣು ಒರೆಸಿಕೊಂಡು ಕೈ ಚಾಚಿದಳು. “ಕೊಡಿ ಇಲ್ಲಿ. ಅಲ್ಲ, ನೀವೇ ಹಾಕಿ.”

ಎಲ್ಲಿಸ್ ಸೂಜಿಯನ್ನು ಇಳಿಸಿದ. ಮೊದಲು ಬರೀ ಸರಸರ ಸದ್ದು, ಆಮೇಲೆ ಅವಳ ತಮ್ಮ ಸಾಲದಲ್ಲಿ ಕೊಂಡ ಕೀಬೋರ್ಡಿನ ನಾಲ್ಕು ತಣ್ಣನೆಯ ಸ್ವರ. ಅದರ ಮೇಲೆ ಇಪ್ಪತ್ತೈದರ ಹುಡುಗಿಯೊಬ್ಬಳು, ಮಧ್ಯಾಹ್ನಕ್ಕೇ ಅಂಗಡಿಗಳು ಮುಚ್ಚಿದ ಬೀದಿಯಲ್ಲಿ ತನ್ನ ಹೆಜ್ಜೆಯ ಸದ್ದನ್ನು ತಾನೇ ಕೇಳುತ್ತ ನಡೆದಿದ್ದಳು. ನನ್ನ ಬೀದಿ ಅದು, ಐವತ್ತು ವರ್ಷ ನಡೆದಿದ್ದೇನೆ. ಅಷ್ಟು ದೊಡ್ಡದು ಎಂದು ತಿಳಿದಿರಲಿಲ್ಲ. ಮೂರು ನಿಮಿಷ ನಾನು ಒಂದು ತಮಾಷೆಯೂ ಮಾಡಲಿಲ್ಲ.

ಹಾಡು ಮುಗಿದಾಗ ಚರ್ಚಿನ ಗಡಿಯಾರ ಐದು ಹೊಡೆಯಿತು. ಎಲ್ಲಿಸ್ ಎದ್ದು ಅಡುಗೆಮನೆಗೆ ನಡೆದ, ನಾವು ಹಿಂದೆಯೇ ಹೋದೆವು. ನಮ್ಮ ಕಣ್ಣೆದುರೇ ರೇಡಿಯೋದ ಪ್ಲಗ್ಗನ್ನು ಕಿತ್ತ.

ಗ್ಲೆನಿಸ್ ಅವನ ತೋಳು ಹಿಡಿದಳು. “ಪ್ರತಿ ವಾರ ಹೀಗೇ ಮಾಡ್ತೀರಂತೆ. ನನಗೋಸ್ಕರಾನಾ ಮಾಮ?”

ಎಲ್ಲಿಸ್ ಅವಳನ್ನು ನೋಡಿದ, ಕೈಯಲ್ಲಿದ್ದ ವಯರನ್ನು ನೋಡಿದ.

“ಇಲ್ಲಿ ಪ್ಲಗ್ ಹಾಕೋ ಜಾಗ ಇರೋದು ಒಂದೇ,” ಎಂದ. “ಐದಕ್ಕೆ ಟೀ ಕೆಟಲ್ ಹಾಕ್ಬೇಕಲ್ಲ.”