ಮುನಿಸ್ವಾಮಪ್ಪನವರ ಬಾಟಲಿಗಳು

ಮುನಿಸ್ವಾಮಪ್ಪನವರು ಬಾಟಲಿಗಳ ಎದುರು ಕೆಮ್ಮುತ್ತಿರಲಿಲ್ಲ. ಕೆಮ್ಮು ಬಂದರೆ ಹೊರಗೆ ಹೋಗಿ, ಬೇವಿನ ಮರದ ಕೆಳಗೆ ಕೆಮ್ಮಿ ಮುಗಿಸಿಯೇ ಒಳಗೆ ಬರುತ್ತಿದ್ದರು. ಚಿನ್ನದ ಗಣಿಯ ಊರು ಚಾಂಪಿಯನ್ ರೀಫ್ಸ್‌ನ ಆಸ್ಪತ್ರೆಯೊಂದರಲ್ಲಿ ಅವರು ಲ್ಯಾಬ್ ಅಟೆಂಡರ್, ನಾನು ಮಕ್ಕಳ ವಾರ್ಡಿನ ನರ್ಸ್. ಜ್ವರ ಬಿಡದ ಮಕ್ಕಳ ರಕ್ತವನ್ನು ಮಾಂಸದ ತಿಳಿಸಾರಿನ ಬಾಟಲಿಗೆ ಹಾಕಿ, ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟು ಕಾಯುವುದು ಅವರ ಕೆಲಸ. ರಕ್ತ ತಳಕ್ಕಿಳಿದು ಮೇಲಿನ ಸಾರು ತಿಳಿಯಾಗಿಯೇ ಉಳಿದರೆ ಒಳ್ಳೆಯದು. ಕದಡಿದರೆ ರಕ್ತಕ್ಕೆ ನಂಜೇರಿದೆ ಎಂದರ್ಥ.

ಬಂಗಾರಪೇಟೆಯಿಂದ ಬೆಳಗಿನ ರೈಲಿಗೆ ಬಂದವರೇ ಒಂದೊಂದು ಬಾಟಲಿಯನ್ನೂ ಕಿಟಕಿಯ ಬೆಳಕಿಗೆ ಹಿಡಿಯುತ್ತಿದ್ದರು. ಎಳೆಬಿಸಿಲು ಹೊಂಬಣ್ಣದ ಸಾರಿನಲ್ಲಿ ಹಾದು ಅವರ ಮುಖದ ಮೇಲೆ ತೇಲುತ್ತಿತ್ತು.

"ಮೆಲ್ಲಗ್ ಮಾತಾಡಮ್ಮಾ, ಮಕ್ಳು ಮಲಗವೆ," ಎನ್ನುತ್ತಿದ್ದರು. ನನಗೆ ನಗು.

ನನ್ನ ಮೂರು ವರ್ಷದ ಸುಶೀಲೆಗೇ ನಂಜೇರಿದಾಗ ಆ ನಗು ನಿಂತಿತು. ಪೆನಿಸಿಲಿನ್ ಸೂಜಿಗಳಾದ ಮೇಲೆ ಮತ್ತೆ ರಕ್ತ ತೆಗೆದು ಬಾಟಲಿ ಇಟ್ಟರು. ಏಳು ದಿನ ತಿಳಿಯಾಗಿದ್ದರೆ ಮಗು ಗೆದ್ದಂತೆ. ಆರು ದಿನ ತಿಳಿಯಾಗಿತ್ತು. ಏಳನೆಯ ಬೆಳಿಗ್ಗೆ ಗಣಿಯ ಆಳದಲ್ಲಿ ಬಂಡೆ ಸಿಡಿದು, ಮೇಲೆ ನಮ್ಮ ಆಸ್ಪತ್ರೆಯೆಲ್ಲ ನಡುಗಿತು. ನಮಗದು ಹೊಸದಲ್ಲ. ಆದರೂ ನಾನು ಓಡಿಹೋಗಿ ಪೆಟ್ಟಿಗೆ ತೆರೆದೆ. ಸುಶೀಲೆಯ ಬಾಟಲಿ ಕೆಂಪಗೆ ಕದಡಿತ್ತು! ನಾನು ನರ್ಸ್ ಎನ್ನುವುದನ್ನೇ ಮರೆತು, ನೆಲಕ್ಕೆ ಕುಸಿದು ಅತ್ತುಬಿಟ್ಟೆ.

ಹಿಂದೆಯೇ ಬಂದ ಮುನಿಸ್ವಾಮಪ್ಪನವರು ಗದರಿದರು: "ಪಕ್ಕದ ಬಾಟ್ಲಿನೂ ನೋಡಮ್ಮಾ, ಎಲ್ಲಾ ಕದಡವೆ. ನಡುಗಿದ್ದು ನೆಲ ಕಣಮ್ಮಾ, ಮಗೀನ ರಕ್ತ ಅಲ್ಲ. ತಾಳು, ತಿಳಿಯಾಗ್ಲಿ."

ಪೆಟ್ಟಿಗೆ ಮುಚ್ಚಿ, ಅದರ ಮುಂದೆ ಸ್ಟೂಲ್ ಹಾಕಿ ಕೂತರು. ಡಾಕ್ಟರಿಗೂ ಮುಟ್ಟಗೊಡಲಿಲ್ಲ. ಊಟಕ್ಕೆ ಏಳಲಿಲ್ಲ. ಮಧ್ಯಾಹ್ನ ಇಳಿಯುವ ಹೊತ್ತಿಗೆ ನನ್ನನ್ನು ಕರೆದು ತೋರಿಸಿದರು. ಕೆಂಪೆಲ್ಲ ತಳದಲ್ಲಿ ಮಲಗಿತ್ತು. ಮೇಲೆ ಅದೇ ಹೊಂಬಣ್ಣ. ಡಾಕ್ಟರು ಒಂದು ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಏನೂ ಇಲ್ಲ ಎಂದರು. ಮುನಿಸ್ವಾಮಪ್ಪನವರ ಕಾಲಿಗೆ ಬೀಳಲು ಹೋದೆ. ಆಗಲೇ ಕೆಮ್ಮಲು ಹೊರಗೆ ಹೋಗಿದ್ದರು, ಪುಣ್ಯಾತ್ಮ.

ಕಡೆಯ ಸಲ ಅವರನ್ನು ಕಂಡದ್ದು ಬಂಗಾರಪೇಟೆ ಸ್ಟೇಷನ್ನಿನಲ್ಲಿ, ಅವರು ಕೆಲಸ ಬಿಟ್ಟು ಎಷ್ಟೋ ವರ್ಷಗಳ ಮೇಲೆ. ಎರಡು ಜಡೆಯ ಸುಶೀಲೆ ಟೀ ಅಂಗಡಿಯಿಂದ ಗಾಜಿನ ಲೋಟದಲ್ಲಿ ನೀರು ತಂದುಕೊಟ್ಟಳು. ಅವರು ಅದನ್ನು ಬೆಳಕಿಗೆ ಹಿಡಿದರು. ಕೈ ನಡುಗಿ ನೀರು ತುಳುಕಿತು.

"ನಡುಗ್ತಿರೋದು ನಾನು ಕಣಮ್ಮಾ," ಎಂದು ನಕ್ಕರು. "ನೀರು ಸೆಂದಾಗೈತೆ."

ಸುಶೀಲೆ ತನ್ನ ಎರಡೂ ಕೈಗಳಿಂದ ಅವರ ಕೈಯನ್ನು ಲೋಟದ ಸಮೇತ ಹಿಡಿದುಕೊಂಡಳು. ನೀರು ನಿಂತಿತು. ಆಮೇಲೆ ಅವರು ಕುಡಿದರು.